ತಾನಾಗಿ ವಾಪಸ್ ಬರುವ ಚೆಂಡು

ಜಾವಳಿಯಿಂದ ಮೇಲಕ್ಕೆ ಎರಡು ಮೈಲಿ ಹತ್ತಿದರೆ ಸಿಗುವ ಪ್ರೌಢಶಾಲೆಯಲ್ಲಿ ಶಾಂತವೀರಪ್ಪನವರು ಇಪ್ಪತ್ತಾರು ವರ್ಷದಿಂದ ಆಟದ ಮೇಷ್ಟ್ರು. ಈ ಇಪ್ಪತ್ತಾರು ವರ್ಷದಲ್ಲಿ ಅವರು ಶಾಲೆಯಲ್ಲಿ ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೆ, ಗಣಿತದ ರುದ್ರೇಶ್ ಮೇಷ್ಟ್ರು ಒಂದು ವಾರದಲ್ಲಿ ಆಡುವಷ್ಟು ಆಗಬಹುದೇನೋ. ಅವರ ವ್ಯವಹಾರವೆಲ್ಲ ವಿಸಿಲ್ಲಿನಲ್ಲಿ. ಉದ್ದಕ್ಕೆ ಒಂದು ಊದಿದರೆ ಎಲ್ಲರೂ ಬನ್ನಿ, ಗಿಡ್ಡಕ್ಕೆ ಎರಡು ಊದಿದರೆ ನಿಲ್ಲಿ, ಮೂರು ಊದಿದರೆ ಯಾರೋ ಬೈಸಿಕೊಳ್ಳುವ ಕೆಲಸ ಮಾಡಿದ್ದಾರೆ ಎಂದರ್ಥ. ಮಕ್ಕಳಿಗೆ ಅಷ್ಟು ಸಾಕಾಗಿತ್ತು. ಮೇಷ್ಟ್ರಿಗಂತೂ ಧಾರಾಳವಾಗಿ ಸಾಕಾಗಿತ್ತು.

ಮನುಷ್ಯ ಒರಟೇನಲ್ಲ. ಸಿಟ್ಟು ಬಂದರೂ ಅವರಿಗೆ ಮಾತು ಬರುವುದಿಲ್ಲ, ಖುಷಿಯಾದರೂ ಬರುವುದಿಲ್ಲ, ಅಷ್ಟೇ. ಸ್ಟಾಫ್ ರೂಮಿನಲ್ಲಿ ಉಳಿದವರು ಊರ ರಾಜಕೀಯವನ್ನು ಹಂಚಿ ತಿನ್ನುವಾಗ ಇವರು ಮೂಲೆಯ ಕುರ್ಚಿಯಲ್ಲಿ ಕೂತು ವಾಲಿಬಾಲಿಗೆ ಗಾಳಿ ಹಾಕುತ್ತಿರುತ್ತಿದ್ದರು. ಹಾಗಾಗಿ ದೀಪಾವಳಿ ರಜೆ ಕಳೆದ ಮೊದಲ ಸೋಮವಾರ ಹೆಡ್‌ಮೇಡಂ ಪ್ರೇಮಕುಮಾರಿಯವರು ಮೀಟಿಂಗ್ ಕರೆದಾಗಲೂ ಇವರು ಮಡಿಲಲ್ಲಿ ಚೆಂಡು ಇಟ್ಟುಕೊಂಡೇ ಕೂತಿದ್ದರು.

ಪ್ರೇಮಕುಮಾರಿ ಮೇಡಂ ತರೀಕೆರೆ ಕಡೆಯಿಂದ ಜೂನ್‌ನಲ್ಲಿ ವರ್ಗವಾಗಿ ಬಂದವರು. ಸಣ್ಣ ಆಳು, ಮೆತ್ತಗಿನ ದನಿ. ಮೆತ್ತಗೆ ಮಾತಾಡುವ ಹೆಡ್‌ಮೇಡಮ್ಮುಗಳ ಬಗ್ಗೆ ಮೇಷ್ಟ್ರುಗಳು ಹುಷಾರಾಗಿರಬೇಕು, ಏಕೆಂದರೆ ಅವರು ಮನೆಗೆ ಹೋಗಿ ನಿಜವಾಗಿಯೂ ಉತ್ತರ ಪತ್ರಿಕೆ ಓದುತ್ತಾರೆ. ಈ ಮೇಡಂ ರಜೆಯಲ್ಲಿ ಒಂಬತ್ತನೇ ತರಗತಿಯ ಎಲ್ಲ ವಿಷಯದ ಪತ್ರಿಕೆಗಳನ್ನೂ ಓದಿ ಮುಗಿಸಿದ್ದರು.

"ಕಾಫಿಯನ್ನ ಬಿಸಿಲಿಗೆ ಯಾಕೆ ಹರಡ್ತಾರೆ ಅಂತ ವಿಜ್ಞಾನದಲ್ಲಿ ಒಂದು ಪ್ರಶ್ನೆ ಇತ್ತು," ಎಂದರು. "ಈ ಮಕ್ಕಳು ಹುಟ್ಟಿದ್ದೇ ಕಾಫಿ ಕಣದ ಪಕ್ಕ. ಮೂವತ್ತೆರಡು ಮಕ್ಕಳೂ ಗೈಡಿನ ಒಂದೇ ವಾಕ್ಯ ಬರೆದಿದ್ದಾರೆ, ಅದೂ ಅರ್ಧಕ್ಕೆ ನಿಲ್ಲಿಸಿ. ಲೆಕ್ಕದಲ್ಲಿ ಉತ್ತರ ಸರಿ ಇದೆ, ಹೇಗೆ ಬಂತು ಅಂತ ಕೇಳಿದ್ರೆ ಬಾಯಿ ಬಿಡಲ್ಲ. ಇದು ಕನ್ನಡ ಮೇಷ್ಟ್ರು ಒಬ್ಬರ ತಪ್ಪಲ್ಲ. ಲೆಕ್ಕಕ್ಕೆ ಲೆಕ್ಕದ್ದೇ ಮಾತಿದೆ, ವಿಜ್ಞಾನಕ್ಕೆ ಅದರದ್ದೇ ಮಾತಿದೆ. ಅದನ್ನ ಆಯಾ ಮೇಷ್ಟ್ರೇ ಕಲಿಸ್ಬೇಕು. ಇನ್ನು ಮೇಲೆ ಎಲ್ಲಾ ಪಿರಿಯಡ್ಡಲ್ಲೂ ಭಾಷೆ ಇರಬೇಕು."

ಮೇಷ್ಟ್ರುಗಳು ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಖರ್ಚೇನಿಲ್ಲ. ಆಗ ರುದ್ರೇಶ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಲೆಕ್ಕ, ವಿಜ್ಞಾನ ಎಲ್ಲ ಸರಿ ಮೇಡಂ. ಆಟದಲ್ಲಿ ಎಂತ ಭಾಷೆ ಮಾರಾಯ್ರೆ? ಪೀಂ ಅಂತ ಊದಿದ್ರೆ ಮುಗೀತು."

ಎಲ್ಲರೂ ನಕ್ಕರು. ನಗು ನಿಲ್ಲುವುದರೊಳಗೆ ರುದ್ರೇಶ್ ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೊರಗೆ ಹಾಕಿದರು. "ಒಂಬತ್ತನೇ ಕ್ಲಾಸಿಗೆ ವಾರಕ್ಕೆ ನಾಲ್ಕು ಆಟದ ಪಿರಿಯಡ್ ಇದೆ. ಮೂರು ತೆಗೆದು ಈ ಭಾಷೆ ಅಭ್ಯಾಸಕ್ಕೆ ಕೊಟ್ಟುಬಿಡಿ. ಮಕ್ಕಳಿಗೂ ಉಪಕಾರ, ಶಾಂತವೀರಪ್ಪನವರಿಗೂ ವಿಶ್ರಾಂತಿ."

ರುದ್ರೇಶ್ ಕೆಟ್ಟವರಲ್ಲ, ಆದರೆ ಖಾಲಿ ಪಿರಿಯಡ್ ಕಂಡರೆ ಅವರ ಬಾಯಲ್ಲಿ ನೀರೂರುತ್ತದೆ. ಪರೀಕ್ಷೆ ಹತ್ತಿರ ಬಂತೆಂದು ಆಟದ ಪಿರಿಯಡ್‌ಗಳನ್ನು ಅವರು ಕೇಳಿಯೂ ತೆಗೆದುಕೊಂಡಿದ್ದರು, ಕೇಳದೆಯೂ ತೆಗೆದುಕೊಂಡಿದ್ದರು. ಈಗ ಅದು ಟೈಮ್‌ಟೇಬಲ್ಲಿನಿಂದಲೇ ಹೋಗುತ್ತದೆ ಎಂದಾಗ ಶಾಂತವೀರಪ್ಪನವರು ಮಡಿಲ ಚೆಂಡನ್ನು ಎದೆಗವಚಿಕೊಂಡರು. ಆ ನಾಲ್ಕು ಪಿರಿಯಡ್ ಅವರ ಜೀವ. ಬೆಂಚಿನ ಮೇಲೆ ದಿನವಿಡೀ ದಡ್ಡರೆನ್ನಿಸಿಕೊಂಡ ಮಕ್ಕಳು ಮೈದಾನಕ್ಕೆ ಇಳಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದನ್ನು ಶಾಲೆಯಲ್ಲಿ ನೋಡಿದವರು ಅವರೊಬ್ಬರೇ.

ಮೇಡಂ ಇವರ ಕಡೆ ತಿರುಗಿದರು. "ನೀವೇನಂತೀರಿ ಮೇಷ್ಟ್ರೇ?"

"ಇದೆ ಮೇಡಂ," ಎಂದರು ಶಾಂತವೀರಪ್ಪ.

"ಏನಿದೆ?"

"ಆಟದಲ್ಲಿ... ಭಾಷೆ. ಇದೆ."

ಎಲ್ಲಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಮೇಡಂ ನಗಲಿಲ್ಲ. "ಇದ್ರೆ ತೋರಿಸಿ. ಡಿಸೆಂಬರ್ ಐದನೇ ತಾರೀಕು ಹೊಸ ಟೈಮ್‌ಟೇಬಲ್ ಹಾಕ್ತೀನಿ. ಅಷ್ಟರೊಳಗೆ ನನಗೆ ಕಣ್ಣಿಗೆ ಕಂಡ್ರೆ ನಾಲ್ಕೂ ಪಿರಿಯಡ್ ನಿಮ್ಮದೇ. ಕಾಣದಿದ್ರೆ ಮೂರು ಹೋಗುತ್ತೆ," ಎಂದು ಪುಸ್ತಕ ಮುಚ್ಚಿದರು.

ಮಾರನೆಯ ದಿನ ಶಾಂತವೀರಪ್ಪ ಒಂಬತ್ತನೇ ತರಗತಿಯ ಮಕ್ಕಳನ್ನು ಮೈದಾನದ ನೇರಳೆ ಮರದ ಕೆಳಗೆ ಸಾಲಾಗಿ ಕೂರಿಸಿ, 'ಕ್ರೀಡೆಯ ಮಹತ್ವ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದರು. ತಿಳಿಯದವರು ಮಾಡುವ ಮೊದಲ ಕೆಲಸವೇ ಇದು, ಪಾಪ. ಮಕ್ಕಳು ಚೆಂಡನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿ ನಿಟ್ಟುಸಿರುಬಿಟ್ಟು ಬರೆದರು. ಮೂವತ್ತೆರಡು ಹಾಳೆಯಲ್ಲೂ ಕ್ರೀಡೆಯಿಂದ ದೇಹ ಮತ್ತು ಮನಸ್ಸು ಸದೃಢವಾಗುತ್ತದೆ ಎಂದೇ ಶುರು. ಕೃತಿಕಾ ಎಂಬ ಹುಡುಗಿ ಅಷ್ಟನ್ನೇ ಬರೆದು ಹಾಳೆ ಕೊಟ್ಟಳು. ಅವಳು ತರಗತಿಗೆಲ್ಲ ಜಗಳಗಂಟಿ. ಓಟದಲ್ಲಿ ಅವಳನ್ನು ಹಿಡಿಯುವವರು ಮೂಡಿಗೆರೆ ತಾಲ್ಲೂಕಿನಲ್ಲೇ ಇರಲಿಲ್ಲ.

"ಸಾರ್, ಒಂದು ಮಾತು ಹೇಳ್ಲಾ?" ಎಂದಳು. "ಇದಕ್ಕಿಂತ ರುದ್ರೇಶ್ ಸಾರ್ ಲೆಕ್ಕನೇ ವಾಸಿ."

ಆ ಮಾತು ಶಾಂತವೀರಪ್ಪನವರಿಗೆ ನಾಟಿತು. ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಮೂರನೆಯ ದಿನ, ಹಾಳಾಗಿ ಹೋಗಲಿ, ಇರುವಷ್ಟು ದಿನವಾದರೂ ಆಡಿಕೊಳ್ಳಲಿ ಎಂದು ಚೆಂಡು ಎಸೆದರು. ಮಕ್ಕಳು ಹೋ ಎಂದು ಕೂಗಿ ಉರುಳಾಟಕ್ಕೆ ನಿಂತರು.

ಉರುಳಾಟ ಆ ಶಾಲೆಯ ಸ್ವಂತ ಆಟ. ಯಾವ ಪುಸ್ತಕದಲ್ಲೂ ಇಲ್ಲ, ಯಾರು ಶುರುಮಾಡಿದರೋ ತಿಳಿಯದು. ಶಾಂತವೀರಪ್ಪ ಕೆಲಸಕ್ಕೆ ಬರುವ ಮೊದಲೇ ಮಕ್ಕಳು ಆಡುತ್ತಿದ್ದರಂತೆ. ಆವತ್ತು ಅಲ್ಲಿ ರಕ್ಷಾ ಎಂಬ ಹೊಸ ಹುಡುಗಿಯಿದ್ದಳು. ಅಮ್ಮನಿಗೆ ಈ ಕಡೆಯ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ವರ್ಗವಾಗಿ, ಆಲ್ದೂರಿನ ಶಾಲೆ ಬಿಟ್ಟು ಆ ವಾರವಷ್ಟೇ ಸೇರಿದವಳು. "ಇದು ಹೆಂಗೆ ಆಡೋದು?" ಎಂದು ಕೇಳಿದಳು. ಅವಳ ಗ್ರಹಚಾರ. ಹನ್ನೆರಡು ಜನ ಒಟ್ಟಿಗೇ ಅವಳ ಮೇಲೆ ಬಿದ್ದರು.

"ನೋಡು, ನಮ್ಮ ಕಡೆಯೋರು ಒಬ್ರು ಗೆರೆ ಮೇಲಿಂದ ಚೆಂಡು ಒದೀತಾರೆ, ನೀನು ಓಡ್ಬೇಕು."

"ಎಲ್ಲಿಗೆ ಅಂತ ಹೇಳೇ! ಈ ಕಲ್ಲಿಂದ ಆ ಕಲ್ಲಿಗೆ. ಮತ್ತೆ ಆ ಕಲ್ಲಿಂದ ಈ ಕಲ್ಲಿಗೆ."

"ಚೆಂಡು ವಾಪಸ್ ಬಂದು ಗೆರೆ ಮುಟ್ಟೋದ್ರೊಳಗೆ ಎಷ್ಟು ಸುತ್ತೋ ಅಷ್ಟು ಪಾಯಿಂಟು."

"ಪೂರ್ತಿ ಹೇಳು ಮಾರಾಯ್ತಿ, ಚೆಂಡು ಗೆರೆ ಮುಟ್ಟೋವಾಗ ನೀನು ಕಲ್ಲು ಮುಟ್ಕೊಂಡಿರ್ಬೇಕು, ಇಲ್ಲಾಂದ್ರೆ ಎಲ್ಲಾ ಸೊನ್ನೆ."

"ಎದುರು ಟೀಮೋರು ನಿನ್ನ ನಗಿಸ್ಬಹುದು, ಮುಟ್ಟಂಗಿಲ್ಲ. ನಕ್ರೆ ಔಟು."

"ನಕ್ರೆ ಅಲ್ಲ, ಹಲ್ಲು ಕಂಡ್ರೆ ಔಟು! ಧನ್ಯಾ ಬಾಯಿ ಮುಚ್ಕೊಂಡು ನಗ್ತಾಳೆ, ಅವಳು ಔಟಾಗಲ್ಲ."

ಶಾಂತವೀರಪ್ಪ ಮರಕ್ಕೆ ಒರಗಿ ಇದನ್ನೆಲ್ಲ ಕೇಳುತ್ತಿದ್ದರು. ಇಷ್ಟು ವರ್ಷ ಇದು ಅವರ ಕಿವಿಗೆ ಬರೀ ಗಲಾಟೆಯಾಗಿತ್ತು. ಈಗ ಕೇಳಿದರೆ ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ತಿದ್ದುತ್ತಿದ್ದಾಳೆ, ಬಿಟ್ಟದ್ದನ್ನು ಮತ್ತೊಬ್ಬ ಸೇರಿಸುತ್ತಿದ್ದಾನೆ, ಬಾಯಿ ಬಿಡದವರೆಂದು ಮೇಡಂ ಹೇಳಿದ ಮಕ್ಕಳೇ ಹೀಗೆ ಅರಚುತ್ತಿದ್ದಾರೆ. ಅಯ್ಯೋ ಶಿವನೇ, ಇಲ್ಲೇ ಇದೆಯಲ್ಲ ಎಂದು ಅವರಿಗೆ ನಿಂತಲ್ಲೇ ಮೈ ಜುಂ ಎಂದಿತು. ಅವರು ಎಲ್ಲರನ್ನೂ ಕರೆದು ಕೂರಿಸಿ, ತಮ್ಮ ಲೆಕ್ಕದಲ್ಲಿ ಬಹಳ ದೊಡ್ಡ ಭಾಷಣವನ್ನೇ ಮಾಡಿದರು.

"ಈ ಆಟನ ಬರೀಬೇಕು. ನೋಡದೇ ಇದ್ದೋರು ಓದಿ ಆಡಂಗಿರ್ಬೇಕು. ಬರೆದ್ರೆ ನಮ್ಮ ಪಿರಿಯಡ್ ಉಳಿಯುತ್ತೆ. ಇಲ್ದಿದ್ರೆ ಮೂರು ಹೋಗುತ್ತೆ."

ಪಿರಿಯಡ್ ಹೋಗುತ್ತದೆ ಎಂಬ ಸುದ್ದಿಗೆ ಮಕ್ಕಳ ಮುಖವೇ ಬದಲಾಯಿತು. ಕೃತಿಕಾ ಎದ್ದುನಿಂತು, "ಯಾರು ಓದ್ತಾರೆ ಸಾರ್?" ಎಂದಳು.

ಅದಕ್ಕೆ ಶಾಂತವೀರಪ್ಪನವರ ಹತ್ತಿರ ಉತ್ತರವಿತ್ತು. ಕಡೂರಿನ ಬಯಲಿನ ಒಂದು ಹಳ್ಳಿಯ ಶಾಲೆಯಲ್ಲಿ ಅವರ ಟ್ರೈನಿಂಗ್ ಕಾಲದ ಗೆಳೆಯ ಚಂದ್ರಶೇಖರಪ್ಪ ಆಟದ ಮೇಷ್ಟ್ರು. ಆ ಮನುಷ್ಯ ಎಷ್ಟು ನಿಯಮಸ್ಥನೆಂದರೆ, ಅಂಪೈರ್ ಆಗಿ ನಿಂತು ತನ್ನ ಸ್ವಂತ ತಮ್ಮನನ್ನೇ ಮೂರು ಸಲ ಔಟ್ ಕೊಟ್ಟಿದ್ದ. ಫೋನ್ ಮಾಡಿದ ಕೂಡಲೇ ಒಪ್ಪಿಕೊಂಡ. ಡಿಸೆಂಬರ್ ಒಂದನೇ ತಾರೀಕು ಬರಹ ಓದಿ ಆಡಿಸುವುದು, ಅದನ್ನು ಇಲ್ಲಿ ಮೇಡಂ ಫೋನಿನಲ್ಲಿ ನೋಡುವುದು, ಒಂದು ಮಾತನ್ನೂ ಬಾಯಲ್ಲಿ ಹೇಳಿಕೊಡುವಂತಿಲ್ಲ ಎಂದು ಮಾತಾಯಿತು.

ಆಮೇಲಿನ ಮೂರು ವಾರ ನೇರಳೆ ಮರದ ಕೆಳಗೆ ನಡೆದ ಯುದ್ಧವನ್ನು ಏನೆಂದು ಹೇಳುವುದು. ಅರ್ಧ ಪಿರಿಯಡ್ ಆಟ, ಅರ್ಧ ಪಿರಿಯಡ್ ಬರವಣಿಗೆ. ಅಕ್ಷರ ಚೆನ್ನಾಗಿದೆ ಎಂದು ಧನ್ಯಾಳ ಕೈಗೆ ಪೆನ್ನು ಕೊಟ್ಟಿದ್ದರು. ಅವಳು ಮಾತು ಕಮ್ಮಿಯ ಹುಡುಗಿ, ಆದರೆ ತಪ್ಪೆನ್ನಿಸಿದ ವಾಕ್ಯವನ್ನು ಯಾರೇ ಹೇಳಿದರೂ ಬರೆಯುತ್ತಿರಲಿಲ್ಲ. ಕಲ್ಲಿಗೂ ಕಲ್ಲಿಗೂ ಎಷ್ಟು ದೂರ ಎಂದು ಒಂದು ದಿನ ಜಗಳ. ನಗಿಸುವವರು ಎಷ್ಟು ಹತ್ತಿರ ಬರಬಹುದು ಎಂದು ಎರಡು ದಿನ ಜಗಳ. ಚೆಂಡು ದಾರಿಯಲ್ಲಿ ನಾಯಿಗೆ ತಾಗಿದರೆ ಏನು ಎಂಬ ಪ್ರಶ್ನೆಗೆ ನಿಯಮವೇ ಇರಲಿಲ್ಲವಾದ್ದರಿಂದ ಕೈಯೆತ್ತಿಸಿ ತೀರ್ಮಾನ ಮಾಡಬೇಕಾಯಿತು. ಬರೆದದ್ದನ್ನು ಓದಿ, ಓದಿದಂತೆಯೇ ಆಡಿ ನೋಡಿ, ಸರಿಯಿಲ್ಲದ್ದನ್ನು ಹೊಡೆದು ಹಾಕಿದರು. ಏಳನೆಯ ಸಲಕ್ಕೆ ಎರಡು ಪುಟ ನಿಂತಿತು. ಶಾಂತವೀರಪ್ಪ ಅದನ್ನು ಇಪ್ಪತ್ತು ಸಲ ಓದಿದರು. ಒಂದು ತಪ್ಪೂ ಸಿಗಲಿಲ್ಲ. ಇಷ್ಟು ಚೆಂದದ ಬರಹವನ್ನು ತಮ್ಮ ಪಿರಿಯಡ್ಡಿನಲ್ಲಿ ಬರೆಸಿದೆನಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ ಉಕ್ಕಿತು. ನಾಲ್ಕೂ ಪಿರಿಯಡ್ ಉಳಿದ ಹಾಗೇ ಎಂದುಕೊಂಡರು.

ಡಿಸೆಂಬರ್ ಒಂದರಂದು ಮೂರು ಗಂಟೆಗೆ ಸ್ಟಾಫ್ ರೂಮಿನ ಮೇಜಿನ ಮೇಲೆ ಮೇಡಂ ಅವರ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದರು. ಮೇಷ್ಟ್ರುಗಳೆಲ್ಲ ಸುತ್ತ ಕೂತರು. ಕಿಟಕಿಯ ಹೊರಗೆ ಒಂಬತ್ತನೇ ತರಗತಿಯ ಮೂವತ್ತಮೂರು ತಲೆಗಳು, ರಕ್ಷಾಳೂ ಸೇರಿ. ಫೋನಿನಲ್ಲಿ ಕಡೂರಿನ ಬಿಸಿಲು, ವಿಶಾಲವಾದ ಮೈದಾನ, ಗೆರೆ, ಎರಡು ಕಲ್ಲು. ಕಲ್ಲುಗಳ ದೂರ ಹೇಳಿದ್ದಕ್ಕೆ ಅರ್ಧ ಅಡಿಯೂ ಹೆಚ್ಚುಕಮ್ಮಿ ಇರಲಿಲ್ಲ. ಚಂದ್ರಶೇಖರಪ್ಪ ಹಾಳೆ ಹಿಡಿದುಕೊಂಡು ಗಟ್ಟಿಯಾಗಿ ಓದಿ ಆಟ ಶುರು ಮಾಡಿಸಿದರು.

ಒಬ್ಬ ಹುಡುಗ ಗೆರೆಯ ಮೇಲಿಂದ ಶಾಲೆಯ ಕಡೆಗೆ ಚೆಂಡನ್ನು ಒದ್ದ. ಎರಡು ಜಡೆಯ ಒಬ್ಬ ಹುಡುಗಿ ಓಡತೊಡಗಿದಳು. ಎದುರು ತಂಡದವರು ಅವಳನ್ನು ನಗಿಸಲು ಕುಣಿದರು. ಚೆಂಡು ಹೋಗಿ ಶಾಲೆಯ ಗೋಡೆಯ ಬುಡದಲ್ಲಿ ನಿಂತಿತು.

ಹುಡುಗಿ ಓಡಿದಳು. ಹತ್ತು ಸುತ್ತಾಯಿತು. ಜಾವಳಿಯ ಗುಡ್ಡದ ಮೇಲೆ ಮೂರು ಸುತ್ತು ಓಡಿದರೆ ಚಪ್ಪಾಳೆ, ನಾಲ್ಕು ಓಡಿದ್ದು ಕೃತಿಕಾ ಒಬ್ಬಳೇ. ಇಪ್ಪತ್ತಾಯಿತು. ನಗಿಸುವವರಿಗೆ ಗೊತ್ತಿದ್ದ ಹಾಡು, ಮಂಗನ ಮುಖ ಎಲ್ಲ ಮುಗಿದು, ಒಬ್ಬ ಸುಮ್ಮನೆ ಹದಿಮೂರರ ಮಗ್ಗಿ ಹೇಳುತ್ತಿದ್ದ. ಒಂದು ಮೇಕೆ ಬಂದು ಚೆಂಡನ್ನು ಮೂಸಿ ನೋಡಿ ಹೋಯಿತು. ನಲವತ್ತನೇ ಸುತ್ತಿಗೆ ಚಂದ್ರಶೇಖರಪ್ಪನವರ ಮುಖ ಫೋನಿನ ತುಂಬ ಕಾಣಿಸಿತು.

"ಲೋ ಶಾಂತು, ನೀನು ಮಾತಾಡಂಗಿಲ್ಲ, ಗೊತ್ತು. ಆದ್ರೂ ಕೇಳ್ತೀನಿ. ಚೆಂಡು ತಾನಾಗಿ ವಾಪಸ್ ಬರೋ ತನಕ ಓಡ್ಬೇಕು ಅಂತ ಬರೆದಿದೀರಲ್ಲಪ್ಪ, ಯಾವಾಗಯ್ಯಾ ಬರೋದು ಅದು? ನಮ್ ಹುಡ್ಗಿ ಸುಸ್ತಾಗ್ತಾವ್ಳೆ!"

ಸ್ಟಾಫ್ ರೂಮಿನಲ್ಲಿ ನಗು ಸಿಡಿಯಿತು. ರುದ್ರೇಶ್ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಶಾಂತವೀರಪ್ಪ ಮಾತ್ರ ಗೋಡೆಯ ಬುಡದಲ್ಲಿ ನಿಂತ ಆ ಚೆಂಡನ್ನೇ ನೋಡುತ್ತಿದ್ದರು. ಒದ್ದ ಚೆಂಡು ಹೀಗೆ ಅಲ್ಲಾಡದೆ ನಿಂತಿದ್ದನ್ನು ಅವರು ಇಪ್ಪತ್ತಾರು ವರ್ಷದಲ್ಲಿ ತಮ್ಮ ಮೈದಾನದಲ್ಲಿ ಕಂಡೇ ಇರಲಿಲ್ಲ. ಕಡೂರಿನ ನೆಲ ಸಮತಟ್ಟು. ಇಲ್ಲಿಯದು ಶಾಲೆಯ ಮೆಟ್ಟಿಲಿಂದ ಕೆಳಗಿನ ಕಾಫಿ ತೋಟದ ಬೇಲಿಯವರೆಗೆ ಜಾರುತ್ತಲೇ ಹೋಗುವ ಇಳಿಜಾರು. ಬೇಲಿಯ ಹತ್ತಿರದ ಗೆರೆಯಿಂದ ಮೇಲಕ್ಕೆ ಒದ್ದ ಚೆಂಡನ್ನು ವಾಪಸ್ ತರುವುದು ಆ ಇಳಿಜಾರೇ. ನಾಯಿಯ ಬಗ್ಗೆಯೂ ಬರೆದ ಮಕ್ಕಳು ಅದೊಂದನ್ನು ಬರೆದಿರಲಿಲ್ಲ. ಮೈದಾನವೆಂದರೆ ಓರೆಯಾಗಿಯೇ ಇರುತ್ತದೆ ಎಂದು ಅವರೆಲ್ಲ ತಿಳಿದಿದ್ದರು. ಹೊರಗೆ ಯಾವ ಬಯಲನ್ನೂ ಕಾಣದವರೇನಲ್ಲ ಶಾಂತವೀರಪ್ಪ, ಟ್ರೈನಿಂಗಿನಲ್ಲಿ ಸಮತಟ್ಟು ಮೈದಾನದಲ್ಲೇ ಓಡಿದವರು. ಆದರೂ ಹೊಳೆದಿರಲಿಲ್ಲ.

"ತಪ್ಪು ನಂದೇ ಮೇಡಂ," ಎಂದರು. ಅವರ ಮುಖ ಕೆಂಪಾಗಿತ್ತು. "ಮಕ್ಕಳದ್ದಲ್ಲ. ನಾನು ನೋಡ್ಬೇಕಿತ್ತು. ಪಿರಿಯಡ್ ತಗೊಳ್ಳಿ."

ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. "ಐದನೇ ತಾರೀಕಿಗೆ ಇನ್ನೂ ನಾಲ್ಕು ದಿನ ಇದೆಯಲ್ಲ," ಎಂದಷ್ಟೇ ಹೇಳಿ ಫೋನ್ ತೆಗೆದುಕೊಂಡು ಹೊರಟುಹೋದರು.

ಶಾಂತವೀರಪ್ಪ ಮೈದಾನಕ್ಕೆ ಹೋದಾಗ ಕೃತಿಕಾ ನೇರಳೆ ಮರದ ಹಿಂದೆ ನಿಂತು ಅಳುತ್ತಿದ್ದಳು. ಜಿಲ್ಲಾ ಮಟ್ಟದ ಓಟದಲ್ಲಿ ಮೊಣಕಾಲು ಒಡೆದುಕೊಂಡಾಗಲೂ ಅಳದ ಹುಡುಗಿ. "ನಾವು ಅಷ್ಟು ಬರೆದ್ರೂ ಅವರಿಗೆ ಗೊತ್ತಾಗ್ಲೇ ಇಲ್ಲ ಸಾರ್," ಎಂದು ಬಿಕ್ಕಿದಳು. "ಪಾಪ, ಆ ಹುಡುಗಿ ಸುಮ್ನೆ ಓಡ್ತಾನೇ ಇದ್ಲು." ಶಾಂತವೀರಪ್ಪ ಅವಳ ಪಕ್ಕ ಹೋಗಿ ನಿಂತರು.

ಮಾರನೆಯ ಬೆಳಿಗ್ಗೆ ಕಡೂರಿನ ಮಕ್ಕಳ ಪ್ರಶ್ನೆಗಳು ಚಂದ್ರಶೇಖರಪ್ಪನವರ ಫೋನಿನಿಂದ ಬಂದವು. ನೋಟ್‌ಬುಕ್ಕಿನ ಹಾಳೆಯ ಫೋಟೋ. 'ತಾನಾಗಿ ವಾಪಸ್ ಬರುವ ಚೆಂಡು ನಿಮ್ಮಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ನಮ್ಮ ಚೆಂಡು ಸಾಮಾನ್ಯ ಚೆಂಡು.' ಅದರ ಕೆಳಗೆ, 'ನಮ್ಮ ಹುಡುಗಿ ಅರವತ್ತೆರಡು ಸುತ್ತು ಓಡಿದ್ದಾಳೆ. ಅವಳು ಗೆದ್ದಳೋ, ಸೋತಳೋ, ಇನ್ನೂ ಓಡಬೇಕೋ? ದಯವಿಟ್ಟು ತಿಳಿಸಿ.'

ಶಾಂತವೀರಪ್ಪ ಇದನ್ನು ಓದಿ ಹೇಳಿದಾಗ ಮೊದಲು ಕೃತಿಕಾಳೇ ನಕ್ಕಳು, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಯಾರೂ ಹೇಳದೆಯೇ ಧನ್ಯಾ ಹೊಸ ಹಾಳೆ ತೆಗೆದಳು.

"ನಮ್ಮ ಮೈದಾನ ಇಳಿಜಾರಾಗಿದೆ ಅಂತ ಬರಿ," ಎಂದ ಒಬ್ಬ.

"ಅಷ್ಟಂದ್ರೆ ಹೆಂಗೆ ಗೊತ್ತಾಗುತ್ತೆ? ಎಷ್ಟು ಇಳಿಜಾರು? ಬೆಟ್ಟದಂಗಾ, ಮನೆ ಮೆಟ್ಟಿಲಂಗಾ?" ಎಂದಳು ರಕ್ಷಾ.

ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ಆಗ ಮಕ್ಕಳು ಮಾಡಿದ ಕೆಲಸ ಶಾಂತವೀರಪ್ಪನವರು ಕನಸಿನಲ್ಲೂ ಎಣಿಸದೇ ಇದ್ದದ್ದು. ನಾಲ್ಕು ಜನ ನೇರ ರುದ್ರೇಶ್ ಮೇಷ್ಟ್ರ ಹತ್ತಿರ ಹೋಗಿ ಕರೆದರು. ಹತ್ತು ವರ್ಷದ ಸರ್ವೀಸಿನಲ್ಲಿ ಮಕ್ಕಳು ತಾವಾಗಿ ಲೆಕ್ಕ ಕೇಳಿಕೊಂಡು ಬಂದದ್ದು ಅದೇ ಮೊದಲು. ರುದ್ರೇಶ್ ಪ್ಯಾಂಟ್ ಮಡಚಿಕೊಂಡು ಮೈದಾನಕ್ಕೆ ಇಳಿದರು. ಮೇಸ್ತ್ರಿಗಳು ಗೋಡೆ ಮಟ್ಟ ನೋಡುವಂತೆ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿಯನ್ನು ತಾವು ಹಿಡಿದು, ಇನ್ನೊಂದು ತುದಿಯನ್ನು ಕೃತಿಕಾಳಿಗೆ ಕೊಟ್ಟು ಅಳೆದರು.

"ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುತ್ತೆ. ಬರ್ಕೊಳ್ಳಿ," ಎಂದರು ಗತ್ತಿನಿಂದ.

ಧನ್ಯಾ ಬರೆದುಕೊಂಡಳು. ಬರೆದು, ಪೆನ್ನು ಕಚ್ಚಿಕೊಂಡು ಕೂತಳು. "ಇದು ಅವರ ಕಾಲಿಗೆ ಗೊತ್ತಾಗಲ್ಲ ಸಾರ್," ಎಂದಳು.

"ಕಾಲಿಗೆ ಎಂತಕ್ಕೆ ಗೊತ್ತಾಗ್ಬೇಕು?" ಎಂದರು ರುದ್ರೇಶ್.

ಶಾಂತವೀರಪ್ಪನವರಿಗೆ ಮಾತ್ರ ಅವಳ ಮಾತು ತಟ್ಟನೆ ಅರ್ಥವಾಯಿತು. ಕಾಲಿನ ವಿಷಯ ಅವರದ್ದೇ ಪಾಠವಲ್ಲವೇ. ಎಲ್ಲರನ್ನೂ ಎಬ್ಬಿಸಿ ಮೈದಾನದ ನಡುವೆ ಅಡ್ಡಲಾಗಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು. "ಕಾಲಲ್ಲಿ ಏನಾಗ್ತಿದೆ ಹೇಳಿ. ಬಲಗಾಲಲ್ಲಿ ಏನು, ಎಡಗಾಲಲ್ಲಿ ಏನು, ಬೇರೆ ಬೇರೆ ಹೇಳಿ," ಎಂದರು. ಮಕ್ಕಳು ಹೇಳತೊಡಗಿದರು. ರುದ್ರೇಶ್ ಮೇಷ್ಟ್ರೂ ಕಣ್ಣು ಮುಚ್ಚಿಕೊಂಡು ನಿಂತಿದ್ದರು, ಅದನ್ನು ಆಮೇಲೆ ಅವರು ಒಪ್ಪಿಕೊಳ್ಳಲಿಲ್ಲ ಅಷ್ಟೇ. ಧನ್ಯಾ ಎಲ್ಲರ ಮಾತೂ ಕೇಳಿ ಬರೆದದ್ದು ಹೀಗಿತ್ತು: 'ಈ ಆಟಕ್ಕೆ ಓರೆಯಾದ ಜಾಗ ಬೇಕು. ಹತ್ತು ಮೀಟರ್ ನಡೆದರೆ ಒಂದು ಮೀಟರ್ ಕೆಳಗೆ ಇಳಿದಿರಬೇಕು. ಅಲ್ಲಿ ಅಡ್ಡಲಾಗಿ ನಿಂತರೆ ನಿಮ್ಮ ಒಂದು ಮೊಣಕಾಲು ತಾನಾಗಿ ಸ್ವಲ್ಪ ಮಡಚಿಕೊಳ್ಳುತ್ತದೆ. ನೀರು ಚೆಲ್ಲಿದರೆ ಅದು ನಿಮ್ಮನ್ನು ಬಿಟ್ಟು ಹೋಗುತ್ತದೆ. ನಮ್ಮ ಚೆಂಡು ಕೂಡ ಸಾಮಾನ್ಯ ಚೆಂಡೇ. ನಮ್ಮ ನೆಲ ಅದನ್ನು ವಾಪಸ್ ಕಳಿಸುತ್ತದೆ. ನಿಮ್ಮಲ್ಲಿ ಹೀಗಿರುವ ಜಾಗ ಹುಡುಕಿ. ನಿಮ್ಮ ಹುಡುಗಿಗೆ ನಮ್ಮ ಕ್ಷಮಾಪಣೆ ತಿಳಿಸಿ. ಅವಳೇ ಗೆದ್ದಳು.'

ರುದ್ರೇಶ್ ಎರಡು ಸಲ ಓದಿದರು. "ಇಳಿಜಾರಿನ ಪಾಠ ನಾನು ಎಷ್ಟು ಸಲ ಮಾಡಿದೀನಿ ಮಾರಾಯ್ರೆ," ಎಂದರು ಮೆಲ್ಲಗೆ. "ಒಬ್ರೂ ನನಗೆ ಹೀಗೆ ಬರೆದುಕೊಟ್ಟಿಲ್ಲ." ಶಾಂತವೀರಪ್ಪನವರಿಗೆ ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು.

ಐದನೇ ತಾರೀಕು ಬೆಳಿಗ್ಗೆ ಮೈಕೈಗೆ ಧೂಳು ಮೆತ್ತಿಕೊಂಡ ಚಂದ್ರಶೇಖರಪ್ಪನವರ ಮುಖ ಮತ್ತೆ ಫೋನಿನಲ್ಲಿ ಬಂತು. ಆ ಮಕ್ಕಳು ಊರೆಲ್ಲ ಹುಡುಕಿ, ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋಗಿ ಕಂಡಕಂಡಲ್ಲಿ ಚೆಲ್ಲಿ ನೋಡಿ, ಕೊನೆಗೆ ಊರ ಹಳೆಯ ಕೆರೆಯ ಏರಿಯ ಹೊರಬದಿಯಲ್ಲಿ ತಕ್ಕ ಜಾಗ ಕಂಡುಕೊಂಡಿದ್ದರು. ಬುಡದಲ್ಲಿ ಸುಣ್ಣದ ಗೆರೆ. ಅದೇ ಎರಡು ಜಡೆಯ ಹುಡುಗಿ ಕಲ್ಲಿನ ಪಕ್ಕ ತಯಾರಾಗಿ ನಿಂತಿದ್ದಳು. ಹುಡುಗ ಏರಿಯ ಮೇಲ್ಮುಖವಾಗಿ ಚೆಂಡನ್ನು ಒದ್ದ. ಚೆಂಡು ಹತ್ತಿತು, ನಿಧಾನವಾಯಿತು, ಒಂದು ಗಳಿಗೆ ನಿಂತಂತೆ ಕಂಡಿತು. ಕಿಟಕಿಯ ಹೊರಗಿನ ಮಕ್ಕಳೆಲ್ಲ ಸರಳಿಗೆ ಮುಖ ಒತ್ತಿದರು. ಚೆಂಡು ಹಿಂದಕ್ಕೆ ಉರುಳಿತು. ಆ ಕಡೆಯ ಮಕ್ಕಳೂ ಈ ಕಡೆಯ ಮಕ್ಕಳೂ ಒಟ್ಟಿಗೇ ಕೂಗಿದ ಅಬ್ಬರಕ್ಕೆ ಫೋನು ಜಗ್ಗಿನಿಂದ ಜಾರಿ ಮೇಜಿನ ಮೇಲೆ ಮಕಾಡೆ ಬಿತ್ತು. ಎತ್ತಿ ನಿಲ್ಲಿಸುವುದರೊಳಗೆ ಹುಡುಗಿ ಮೂರು ಸುತ್ತು ಓಡಿ ಕಲ್ಲು ಮುಟ್ಟಿ ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಮೇಡಂ ಮೇಜಿನ ಖಾನೆಯಿಂದ ಹೊಸ ಟೈಮ್‌ಟೇಬಲ್ ತೆಗೆದು ಶಾಂತವೀರಪ್ಪನವರ ಮುಂದಿಟ್ಟರು. ಒಂಬತ್ತನೇ ತರಗತಿಯ ಸಾಲಿನಲ್ಲಿ ಆಟ ಎಂದು ನಾಲ್ಕು ಕಡೆ ಬರೆದಿತ್ತು. ಕೆಳಗೆ ಮೇಡಂ ಸಹಿ, ಸಹಿಯ ಪಕ್ಕ ತಾರೀಕು. ಡಿಸೆಂಬರ್ ಒಂದು.

ಶಾಂತವೀರಪ್ಪ ತಾರೀಕನ್ನು ಮತ್ತೊಮ್ಮೆ ನೋಡಿದರು. "ಅವತ್ತು ಆಟ ಕೆಟ್ಟುಹೋಯ್ತಲ್ಲ ಮೇಡಂ?"

"ಕೆಟ್ಟುಹೋಯ್ತು. ಆಮೇಲೆ ನಾನು ನನ್ನ ರೂಮಿನ ಕಿಟಕಿಯಿಂದ ನೋಡ್ದೆ, ಮಾತೂ ಕೇಳಿಸ್ತು. ತಾನು ಬರೆದದ್ದು ಇನ್ನೊಬ್ರಿಗೆ ಅರ್ಥ ಆಗ್ಲಿಲ್ಲ ಅಂತ ಒಂದು ಮಗು ಅಳ್ತಿತ್ತು. ಇಪ್ಪತ್ತೊಂದು ವರ್ಷ ಆಯ್ತು ಮೇಷ್ಟ್ರೇ, ಮಾರ್ಕ್ಸ್ ಹೋಯ್ತು ಅಂತ ಅತ್ತೋರನ್ನ ಬೇಕಾದಷ್ಟು ನೋಡಿದೀನಿ. ಇದಕ್ಕೆ ಅತ್ತೋರನ್ನ ನೋಡಿರ್ಲಿಲ್ಲ. ಅವತ್ತೇ ಸಹಿ ಹಾಕ್ದೆ."

"ಮತ್ತೆ ನಾಲ್ಕು ದಿನ ನನಗೆ ಹೇಳ್ದೆ ಹೊಟ್ಟೆ ಉರಿಸಿದ್ರಲ್ಲ!"

"ಹೇಳಿದ್ರೆ ಅವರು ಮತ್ತೆ ಬರೀತಿದ್ರಾ?" ಎಂದರು ಮೇಡಂ, ಮೆತ್ತಗಿನ ಅದೇ ದನಿಯಲ್ಲಿ.

ಶಾಂತವೀರಪ್ಪ ಹೊರಗೆ ಬಂದರು. ಮೆಟ್ಟಿಲ ಮೇಲೆ ಇಡೀ ಒಂಬತ್ತನೇ ತರಗತಿ ಕಾದು ನಿಂತಿತ್ತು. ಮೇಷ್ಟ್ರ ಮುಖ ನೋಡಿದರೆ ಗೊತ್ತಾಗುವಂತಿತ್ತು, ಆದರೂ ಅವರ ಬಾಯಿಂದಲೇ ಬರಲಿ ಎಂದು ಕಾದರು.

"ಉಳೀತು," ಎಂದರು ಶಾಂತವೀರಪ್ಪ.

"ಹಾಗಂದ್ರೆ ಹೆಂಗೆ ಸಾರ್?" ಎಂದಳು ಕೃತಿಕಾ. ಅವಳ ಕಣ್ಣು ಹೊಳೆಯುತ್ತಿತ್ತು. "ಏನುಳೀತು, ಯಾಕುಳೀತು? ನೋಡದೇ ಇದ್ದ ನಮಗೆ ಗೊತ್ತಾಗೋ ಹಂಗೆ ಹೇಳಿ."

ಮಕ್ಕಳು ನಕ್ಕರು. ಶಾಂತವೀರಪ್ಪ ಬಾಯಿ ತೆರೆದರು. ಮತ್ತೆ ಮುಚ್ಚಿದರು. ಮೂವತ್ತಮೂರು ಮಕ್ಕಳು ಅವಸರ ಮಾಡದೆ ನಿಂತಿದ್ದರು. ಕೊನೆಗೆ ಅವರು ಒಂದು ಮೆಟ್ಟಿಲು ಕೆಳಗಿಳಿದು, ತಡೆತಡೆದು, ತಮ್ಮ ಜೀವಮಾನದ ಅತಿ ಉದ್ದದ ವಾಕ್ಯವನ್ನು ಹೇಳಿದರು.

"ನಮ್ಮ ಆಟದ ಪಿರಿಯಡ್ ನಾಲ್ಕಕ್ಕೆ ನಾಲ್ಕೂ ಉಳೀತು, ಯಾಕಂದ್ರೆ ನೀವು ಬರೆದದ್ದು ದೂರದ ಒಂದು ಹುಡುಗಿಗೆ ಅರ್ಥ ಆಗ್ಲಿಲ್ಲ ಅಂತ ನಮ್ಮ ಕೃತಿಕಾ ಅತ್ತಳು, ಅದನ್ನ ಮೇಡಂ ನೋಡಿದ್ರು."